ಆಲಿವ್ ಕಾಯಿಯನ್ನು ಅಪ್ಪೆಮಿಡಿಯ ಹಾಗೆ ಉಪ್ಪಲ್ಲಿ ಹಾಕಬಹುದೇ?

ಪ್ರಶ್ನೆ: ನಮ್ಮದು ಶಿರಸಿ ಸೀಮೆಯ ಮನೆತನ. ಕೆಲಸದ ನಿಮಿತ್ತ ಬಂದವರು ವಿಜಯವಾಡದ ಪಕ್ಕದ ಗನ್ನವರಂನಲ್ಲೇ ನೆಲೆ ನಿಂತಿದ್ದೇವೆ. ರಾಜಸ್ಥಾನದಿಂದ ಬಂದ ನೆಂಟರು ಮೂರು ಕೆಜಿಯಷ್ಟು ಹಸಿ ಆಲಿವ್ ಕಾಯಿ ತಂದುಕೊಟ್ಟಿದ್ದಾರೆ. ಕೆಲವು ಹಸಿರಾಗಿವೆ, ಕೆಲವು ಕೆನ್ನೀಲಿಗೆ ತಿರುಗಿವೆ. ಒಂದನ್ನು ಕಚ್ಚಿ ನೋಡಿದರೆ ಹಾಗಲಕಾಯಿಯೇ ಎಷ್ಟೋ ವಾಸಿ ಅನ್ನಿಸಿತು. ಬಾಟಲಿಯಲ್ಲಿ ಸಿಗುವ ಆಲಿವ್ ಇದೇನಾ? ಅಪ್ಪೆಮಿಡಿಯ ಹಾಗೆ ಉಪ್ಪಲ್ಲಿ ಹಾಕಿದರೆ ಆದೀತೇ? ಪಕ್ಕದ ಮನೆಯ ಅಮ್ಮ ಆವಕಾಯದಂತೆ ಎಣ್ಣೆ ಸುರಿದು ಇಡಿ ಎನ್ನುತ್ತಾರೆ. ಕಾಸ್ಟಿಕ್ ಸೋಡಾ ಹಾಕಿದರೆ ಒಂದೇ ದಿನದಲ್ಲಿ ಕಹಿ ಹೋಗುತ್ತದೆ ಎಂದೂ ಕೇಳಿದೆ. ಹಾಗೆಯೇ, ಇದರ ಗಿಡ ನಮ್ಮ ಹಿತ್ತಲಲ್ಲಿ ಬಂದೀತೇ?
— ಓದುಗರು, ಗನ್ನವರಂ

ಉತ್ತರ: ನಿಮಗೆ ಸಿಕ್ಕಿರುವುದು ಅದೇ ಕಾಯಿ. ಬಾಟಲಿಯಲ್ಲಿ ಉಪ್ಪುನೀರಲ್ಲಿ ಮುಳುಗಿರುವುದೂ ಪಿಜ್ಜಾದ ಮೇಲೆ ಕಪ್ಪು ಬಿಲ್ಲೆಯಾಗಿ ಬರುವುದೂ ಇದೇ. ಆದರೆ ಅದು ಅಲ್ಲಿಗೆ ಬರುವ ಮೊದಲು ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಹದಗೊಂಡಿರುತ್ತದೆ. ಹಸಿ ಕಾಯಿ ಬಹಳ ದಿನ ತಡೆಯುವುದಿಲ್ಲವಾದ್ದರಿಂದ ಮುಖ್ಯವಾದ ಮಾತನ್ನು ನಿಮಗೆ ಮೊದಲೇ ಬರೆದು ತಿಳಿಸಿದ್ದೇನೆ. ಇಲ್ಲಿ ಅದರ ಕಾರಣಗಳನ್ನು ಎಲ್ಲ ಓದುಗರಿಗಾಗಿ ಬಿಡಿಸಿ ಹೇಳುತ್ತೇನೆ. ಉಪ್ಪಲ್ಲಿ ಹಾಕಬಹುದು, ಆದರೆ ಅಪ್ಪೆಮಿಡಿಯ ಲೆಕ್ಕದಲ್ಲಿ ಅಲ್ಲ. ಎಣ್ಣೆ ಸುರಿದು ಕಪಾಟಿನಲ್ಲಿ ಇಡಬೇಡಿ. ಕಾಸ್ಟಿಕ್ ಸೋಡಾವನ್ನು ಮನೆಯೊಳಗೆ ತರಲೇಬೇಡಿ. ಮೊದಲ ಎರಡು ಮಾತಿನ ಹಿಂದೆ ಇರುವ ಕಾರಣ ಒಂದೇ: ಮಾವಿನ ಮಿಡಿಯಲ್ಲಿ ಹುಳಿ ಇದೆ, ಆಲಿವ್‌ನಲ್ಲಿ ಇಲ್ಲ.

ಕಾಯಿ ಆಲಿವ್ ಹೌದೋ ಅಲ್ಲವೋ ಎಂಬ ಅನುಮಾನ ನಿಮ್ಮ ವಿಷಯದಲ್ಲಿ ಬೇಡ, ಕಹಿಯೇ ಸಾಕ್ಷಿ. ಬೇರೆ ಓದುಗರಿಗಾಗಿ ಹೇಳುವುದಾದರೆ, ಬಂಗಾಳ ಮತ್ತು ಅಸ್ಸಾಂನವರು ಉಪ್ಪಿನಕಾಯಿ ಹಾಕುವ ಜಲಪಾಯಿಯೂ ಕೇರಳದ ಅಂಗಡಿಗಳಲ್ಲಿ ಉಪ್ಪುನೀರಲ್ಲಿ ಸಿಗುವ ಕಾರಕ್ಕಾಯಿಯೂ ನೋಡಲು ಹಸಿರು ಆಲಿವ್‌ನಂತೆಯೇ ಇರುತ್ತವೆ. ಅವು ರುದ್ರಾಕ್ಷಿಯ ಕುಲಕ್ಕೆ ಸೇರಿದ ಮರಗಳ ಕಾಯಿ, ಗೊರಟಿನ ಮೇಲೆ ಗೀರುಗಳಿರುತ್ತವೆ, ರುಚಿ ಹುಳಿ. ನಿಜವಾದ ಆಲಿವ್ ಮಲ್ಲಿಗೆ ಮತ್ತು ಪಾರಿಜಾತಗಳ ಕುಟುಂಬದ್ದು. ನಮ್ಮ ಪಶ್ಚಿಮ ಘಟ್ಟದ ಕಾಡುಗಳಲ್ಲೂ ಅದರ ದಾಯಾದಿಯೊಂದು, ಓಲಿಯಾ ಡಯೋಯಿಕಾ ಎಂಬ ಮರ, ಬೆಳೆಯುತ್ತದೆ. ಕಾಯಿ ಹುಳಿಯಾಗಿದ್ದರೆ ಈ ಉತ್ತರದ ಬಹುಪಾಲು ಅದಕ್ಕೆ ಬೇಕಾಗಿಲ್ಲ. ನೆಲ್ಲಿಕಾಯಿಯಂತೆ ಉಪ್ಪಲ್ಲಿ ಹಾಕಿದರೆ ಸಾಕು.

ರಾಜಸ್ಥಾನದ ಆಲಿವ್ ಎಂದರೆ ಈಗಲೂ ಹಲವರು ಹುಬ್ಬೇರಿಸುತ್ತಾರೆ. 2007ರಲ್ಲಿ ಅಲ್ಲಿ ಇಸ್ರೇಲಿನ ತಂತ್ರಜ್ಞಾನದ ನೆರವಿನಿಂದ ರಾಜಸ್ಥಾನ್ ಆಲಿವ್ ಕಲ್ಟಿವೇಷನ್ ಲಿಮಿಟೆಡ್ ಎಂಬ ಸಂಸ್ಥೆ ಹುಟ್ಟಿತು, ಮರುವರ್ಷ ಸಸಿ ನೆಡುವ ಕೆಲಸ ಶುರುವಾಯಿತು, 2014ರಲ್ಲಿ ಬೀಕಾನೇರ್ ಜಿಲ್ಲೆಯ ಲೂಣಕರಣಸರದಲ್ಲಿ ಎಣ್ಣೆಯ ಘಟಕ ತೆರೆಯಿತು. ಅಲ್ಲಿ ನೆಟ್ಟ ಅರ್ಬೆಕ್ವಿನಾ, ಕೊರೊನೈಕಿ, ಬಾರ್ನಿಯಾದಂಥ ತಳಿಗಳನ್ನು ಆರಿಸಿದ್ದೇ ಮುಖ್ಯವಾಗಿ ಎಣ್ಣೆಗಾಗಿ. ಹಾಗಾಗಿ ನಿಮ್ಮ ಕಾಯಿಗಳು ಬಾಟಲಿಯವುಗಳಿಗಿಂತ ಸಣ್ಣವಿರಬಹುದು, ತಿರುಳು ಕಡಿಮೆ ಇರಬಹುದು. ಅದು ಕೊರತೆಯೇನಲ್ಲ. ಸ್ಪೇನಿನ ಕ್ಯಾಟಲೋನಿಯಾದವರು ಅರ್ಬೆಕ್ವಿನಾವನ್ನೇ ಇಡಿಯಾಗಿ ಉಪ್ಪುನೀರಲ್ಲಿ ಹಾಕಿ ತಿನ್ನುತ್ತಾರೆ.

ಈಗ ಕಹಿಯ ವಿಚಾರ. ಆಲಿವ್‌ನ ಎಲೆಯಲ್ಲೂ ಕಾಯಿಯಲ್ಲೂ ಓಲಿಯುರೋಪೀನ್ ಎಂಬ ಪದಾರ್ಥವಿದೆ. ಫ್ರಾನ್ಸಿನ ರಸಾಯನ ವಿಜ್ಞಾನಿಗಳು 1908ರಲ್ಲಿ ಇದನ್ನು ಬೇರ್ಪಡಿಸಿ ಹೆಸರಿಟ್ಟರು. ಎಳೆಗಾಯಿಯಲ್ಲಿ ಇದು ಅತಿ ಹೆಚ್ಚು. ಕಾಯಿ ಬಲಿತು ಕಪ್ಪಾದಂತೆ ಕಡಿಮೆಯಾಗುತ್ತದೆ, ಪೂರ್ತಿ ಹೋಗುವುದಿಲ್ಲ. ನಮಗೆ ಅನುಕೂಲದ ಸಂಗತಿ ಏನೆಂದರೆ ಇದು ನೀರಿನಲ್ಲಿ ಕರಗುತ್ತದೆ, ಕ್ಷಾರ ತಾಗಿದರೆ ಒಡೆಯುತ್ತದೆ, ಹುಳಿ ಹಿಡಿಸುವ ಸೂಕ್ಷ್ಮಜೀವಿಗಳೂ ಇದನ್ನು ಮುರಿಯಬಲ್ಲವು. ಜಗತ್ತಿನಲ್ಲಿ ಆಲಿವ್ ಹದಮಾಡುವ ನೂರಾರು ಪದ್ಧತಿಗಳಿವೆ ಎನ್ನುತ್ತಾರಲ್ಲ, ಎಲ್ಲವೂ ಈ ಮೂರರಲ್ಲಿ ಒಂದನ್ನೋ ಎರಡನ್ನೋ ಹಿಡಿದು ನಡೆದವು.

ಅಪ್ಪೆಮಿಡಿಗೆ ಬರೋಣ, ಏಕೆಂದರೆ ನಿಮ್ಮ ಪ್ರಶ್ನೆಯ ತಿರುಳು ಅಲ್ಲೇ ಇದೆ. ಅಘನಾಶಿನಿ, ಶರಾವತಿ, ವರದಾ ನದಿಗಳ ದಂಡೆಯ ಮರಗಳಿಂದ ತೊಟ್ಟು ಸಮೇತ ಇಳಿಸಿದ ಮಿಡಿಯನ್ನು ನಿಮ್ಮ ಊರಿನಲ್ಲಿ ಹೇಗೆ ಉಪ್ಪಲ್ಲಿ ಹಾಕುತ್ತಾರೆಂದು ನಾನು ನಿಮಗೆ ಹೇಳಬೇಕಾಗಿಲ್ಲ. ನೆಲಕ್ಕೆ ಬಿದ್ದದ್ದನ್ನು ಮುಟ್ಟುವುದಿಲ್ಲ, ತೊಟ್ಟು ಮುರಿದರೆ ಸೊನೆ ಸೋರಿಹೋಗುತ್ತದೆ ಎಂದು ಬಯ್ಯುತ್ತಾರೆ, ಜಾಡಿಯಲ್ಲಿ ಒಂದು ಪದರ ಮಿಡಿ, ಒಂದು ಪದರ ಹರಳುಪ್ಪು. ಹೊರಗಿನಿಂದ ಒಂದು ಹನಿ ನೀರು ಹಾಕುವುದಿಲ್ಲ. ಉಪ್ಪೇ ಮಿಡಿಯೊಳಗಿನ ನೀರನ್ನು ಎಳೆದು ತೆಗೆಯುತ್ತದೆ, ಕೆಲವೇ ದಿನಗಳಲ್ಲಿ ಮಿಡಿ ಚಿರುಟಿ ತನ್ನದೇ ರಸದಲ್ಲಿ ಮುಳುಗುತ್ತದೆ. ಅನಂತಭಟ್ಟ ಅಪ್ಪೆಯಾಗಲಿ, ಜೀರಿಗೆ ಪರಿಮಳದ ಮಿಡಿಯಾಗಲಿ ವರ್ಷಾನುಗಟ್ಟಲೆ ಕೆಡದೆ ಉಳಿಯುವುದು ಹೀಗೆ. ಅಘನಾಶಿನಿ ಸಮುದ್ರ ಸೇರುವ ಕಡೆ, ಗೋಕರ್ಣದ ಹತ್ತಿರದ ಸಾಣಿಕಟ್ಟಾದಲ್ಲಿ ಉಪ್ಪಿನ ಗದ್ದೆಗಳಿವೆ. ಮೇಲಿನ ದಂಡೆಯಲ್ಲಿ ಮಿಡಿ, ಕೆಳಗಿನ ಅಳಿವೆಯಲ್ಲಿ ಉಪ್ಪು: ಒಂದೇ ಹೊಳೆ ಎರಡನ್ನೂ ಕೊಟ್ಟಿದೆ. ಕನ್ನಡ ನಾಡಿನ ಉಪ್ಪಿನಕಾಯಿಯ ಹಿರಿತನಕ್ಕೆ ಬೇರೆ ಸಾಕ್ಷಿಯೂ ಇದೆ. 1594ರ ಗುರುಲಿಂಗ ದೇಶಿಕನ ಲಿಂಗಪುರಾಣದಲ್ಲಿ ಐವತ್ತು ಬಗೆಯ ಉಪ್ಪಿನಕಾಯಿಗಳ ಮಾತು ಬರುತ್ತದೆಂದು ಆಹಾರ ಇತಿಹಾಸಕಾರ ಕೆ.ಟಿ. ಅಚಯ್ಯ ದಾಖಲಿಸಿದ್ದಾರೆ.

ಈ ಜಾಡಿಯೊಳಗೆ ಮಿಡಿಯನ್ನು ಕಾಯುತ್ತಿರುವುದು ಉಪ್ಪೊಂದೇ ಅಲ್ಲ. ಹುಳಿಯನ್ನು ಅಳೆಯುವ ಪಿಎಚ್ ಮಾಪಕದಲ್ಲಿ ಅಂಕಿ ಇಳಿದಷ್ಟೂ ಹುಳಿ ಹೆಚ್ಚು. ಮಾವಿನ ಎಳೆಗಾಯಿ ಮೂರರ ಆಸುಪಾಸಿನಲ್ಲಿ ನಿಲ್ಲುತ್ತದೆ. 4.6ಕ್ಕಿಂತ ಕೆಳಗೆ ಅತಿ ಅಪಾಯದ ಬ್ಯಾಕ್ಟೀರಿಯಾ ಬೆಳೆಯಲಾರದು. ಅಂದರೆ ಮಿಡಿ ಮರದಿಂದ ಇಳಿಯುವಾಗಲೇ ತನ್ನ ರಕ್ಷಣೆಯನ್ನು ತಾನೇ ಹೊತ್ತು ತಂದಿರುತ್ತದೆ. ಅದರ ಮೇಲೆ ನಾವು ಉಪ್ಪು, ಸಾಸಿವೆ, ಮೆಣಸು ಹಾಕುತ್ತೇವೆ. ಆಲಿವ್‌ನ ತಿರುಳಿನ ಪಿಎಚ್ ಐದರ ಸುತ್ತ ಇರುತ್ತದೆ. ಅದಕ್ಕೆ ಆ ಕವಚವಿಲ್ಲ. ಉಪ್ಪಲ್ಲಿ ಅಥವಾ ನೀರಲ್ಲಿ ಕಹಿ ಹೋದ ಮೇಲೂ ಹುಳಿಯನ್ನು ನಾವು ಹುಟ್ಟಿಸಬೇಕು, ಇಲ್ಲವೇ ಹೊರಗಿನಿಂದ ಸೇರಿಸಬೇಕು.

ಹುಳಿಯಿಲ್ಲದ ಕಾಯಿಯನ್ನು ಕಾಪಿಡುವ ವಿದ್ಯೆಯೂ ನಮ್ಮವರಿಗೆ ಹೊಸದಲ್ಲ. ದಕ್ಷಿಣ ಕನ್ನಡ ಮತ್ತು ಕಾಸರಗೋಡಿನ ಮನೆಗಳಲ್ಲಿ ಬೇಸಿಗೆಯ ಕೊನೆಗೆ ಬಲಿತ ಹಲಸಿನ ಸೊಳೆಯನ್ನು ಭರಣಿಗಟ್ಟಲೆ ಉಪ್ಪಲ್ಲಿ ಹಾಕಿ ಮಳೆಗಾಲಕ್ಕೆ ಇಡುತ್ತಾರೆ. ಸೊಳೆಯಲ್ಲಿ ಹುಳಿ ಇಲ್ಲವಾದ್ದರಿಂದ ಉಪ್ಪನ್ನು ಧಾರಾಳವಾಗಿ ಸುರಿಯುತ್ತಾರೆ, ಭಾರ ಹೇರಿ ಗಾಳಿ ತಾಗದಂತೆ ಮಾಡುತ್ತಾರೆ, ಬೇಕಾದಾಗ ತೆಗೆದು ನೀರಲ್ಲಿ ನೆನೆಹಾಕಿ ಉಪ್ಪು ಬಿಡಿಸಿ ಪಲ್ಯವನ್ನೋ ರೊಟ್ಟಿಯನ್ನೋ ಉಂಡ್ಲುಕಾಳನ್ನೋ ಮಾಡುತ್ತಾರೆ. ಇನ್ನು ಮಲೆನಾಡಿನ ಕಳಲೆ. ಬಿದಿರಿನ ಎಳೆ ಮೊಳಕೆಯಲ್ಲಿ ಸಯನೈಡ್ ಹುಟ್ಟಿಸುವ ಕಹಿ ಅಂಶವಿದೆ. ಹೆಚ್ಚಿ ನೀರಲ್ಲಿ ಹಾಕಿ, ದಿನಾ ನೀರು ಚೆಲ್ಲಿ ಹೊಸ ನೀರು ತುಂಬಿ, ಎರಡು ಮೂರು ದಿನ ಕಳೆದ ಮೇಲೆಯೇ ಅದು ಒಲೆಗೆ ಹೋಗುವುದು. ಆಲಿವ್ ಕೇಳುವುದು ಕಳಲೆಯ ನೀರನ್ನೂ ಉಪ್ಪುಸೊಳೆಯ ಎಚ್ಚರವನ್ನೂ. ಅಪ್ಪೆಮಿಡಿಯ ನಿಶ್ಚಿಂತೆ ಅದಕ್ಕೆ ಸಲ್ಲದು.

ನಿಮ್ಮ ಮೂರು ಕೆಜಿಯನ್ನು ಮೊದಲು ಮೂರು ಪಾಲು ಮಾಡಿ: ಗಟ್ಟಿ ಹಸಿರು, ಅರೆಬಣ್ಣದ್ದು, ಪೂರ್ತಿ ಕಪ್ಪು. ಮೆತ್ತಗಾದದ್ದು, ಗಾಯವಾದದ್ದು, ಹುಳು ಕೊರೆದ ತೂತಿರುವುದು ಯಾವುದೂ ಬೇಡ. ಗಾಜಿನ ಬಾಟಲಿ, ಪಿಂಗಾಣಿ ಜಾಡಿ ಅಥವಾ ಆಹಾರಕ್ಕೆಂದೇ ಮಾಡಿದ ಪ್ಲಾಸ್ಟಿಕ್ ಡಬ್ಬಿ ಸಾಕು; ಅಲ್ಯೂಮಿನಿಯಂ, ತಾಮ್ರ, ಹಿತ್ತಾಳೆ ಬೇಡ.

ಹಸಿರು ಕಾಯಿಗೆ ನಾನು ಹೇಳುವುದು ನೀರಿನ ಹಾದಿ. ಬೇಗ ಆಗುತ್ತದೆ, ಮೊದಲ ಸಲಕ್ಕೆ ಧೈರ್ಯವಾಗಿ ಮಾಡಬಹುದು. ಪ್ರತಿ ಕಾಯಿಯನ್ನೂ ಮಣೆಯ ಮೇಲಿಟ್ಟು ಗುಂಡುಕಲ್ಲಿನಿಂದ ಮೆಲ್ಲಗೆ ಜಜ್ಜಿ. ತಿರುಳು ಬಿರಿಯಬೇಕು, ಗೊರಟು ಒಡೆಯಬಾರದು. ಕಾಯಿ ತೀರಾ ಸಣ್ಣದಾಗಿದ್ದರೆ ಜಜ್ಜುವುದಕ್ಕಿಂತ ಚಾಕುವಿನಿಂದ ಉದ್ದಕ್ಕೆ ಎರಡು ಗೀರು ಹಾಕುವುದು ಲೇಸು, ಇಲ್ಲವಾದರೆ ಕೊನೆಗೆ ಮುದ್ದೆಯಾಗುತ್ತದೆ. ಮರದ ಮಣೆಗೆ ಕಲೆ ಹಿಡಿಯುತ್ತದೆ, ಬೆರಳಿಗೂ ಹಿಡಿಯುತ್ತದೆ, ಹಳೆಯ ಬಟ್ಟೆ ಉಟ್ಟು ಕೂರಿ. ಜಜ್ಜಿದ್ದನ್ನು ಆಗಿಂದಾಗಲೇ ನೀರಿಗೆ ಹಾಕಬೇಕು, ಗಾಳಿಗೆ ಬಿಟ್ಟರೆ ಗಾಯವಾದ ಕಡೆ ಕಂದುತ್ತದೆ. ತೇಲದಂತೆ ಮೇಲೊಂದು ತಟ್ಟೆ ಇಟ್ಟು ಅದರ ಮೇಲೆ ನೀರು ತುಂಬಿದ ಲೋಟ ಇಡಿ. ತಣ್ಣಗಿನ ಊರಿನಲ್ಲಿ ದಿನಕ್ಕೊಮ್ಮೆ ನೀರು ಬದಲಿಸಿದರೆ ನಡೆಯುತ್ತದೆ. ಗನ್ನವರಂನಲ್ಲಿ ಬೆಳಿಗ್ಗೆ ಒಮ್ಮೆ, ರಾತ್ರಿ ಒಮ್ಮೆ ಬದಲಿಸಿ. ಫ್ರಿಜ್ಜಿನಲ್ಲಿ ಜಾಗವಿದ್ದರೆ ಪಾತ್ರೆಯನ್ನು ಅಲ್ಲೇ ಇಡುವುದು ಇನ್ನೂ ಉತ್ತಮ, ಕಹಿ ಬಿಡುವುದು ಸ್ವಲ್ಪ ನಿಧಾನವಾದೀತು ಅಷ್ಟೆ.

ಐದಾರು ದಿನವಾದ ಮೇಲೆ ಒಂದು ಚೂರು ಬಾಯಿಗೆ ಹಾಕಿ ನೋಡಿ. ಸಾಮಾನ್ಯವಾಗಿ ಒಂದು ವಾರದಿಂದ ಹತ್ತು ದಿನಕ್ಕೆ ಕಹಿ ಹಿಡಿತಕ್ಕೆ ಬರುತ್ತದೆ. ತಳಿ ನೋಡಿಕೊಂಡು ಇನ್ನೂ ನಾಲ್ಕು ದಿನ ಹೆಚ್ಚಾಗಬಹುದು. ಕಹಿಯನ್ನು ಪೂರ್ತಿ ತೊಳೆದುಹಾಕುವ ಹಟ ಬೇಡ. ಮೆಂತ್ಯದಂಥ ಒಂದೆಳೆ ಕಹಿ ಉಳಿದರೇ ಅದು ಆಲಿವ್. ಅದೂ ಹೋದರೆ ಬಾಯಿಗೆ ಹತ್ತಿ ಅಗಿದಂತಾಗುತ್ತದೆ.

ಕಹಿ ಇಳಿದ ಕಾಯಿಗೆ ಈಗ ಹುಳಿಯ ಕವಚ ತೊಡಿಸಬೇಕು. ಮುಕ್ಕಾಲು ಲೀಟರ್ ಕುದಿಸಿ ಆರಿಸಿದ ನೀರಿಗೆ ಕಾಲು ಲೀಟರ್ ವಿನೆಗರ್, 75 ಗ್ರಾಂ ಉಪ್ಪು. ವಿನೆಗರ್ ಬಾಟಲಿಯ ಮೇಲೆ ಆಮ್ಲದ ಪ್ರಮಾಣ ಶೇ 5 ಎಂದು ಬರೆದಿರಬೇಕು. ಅದಕ್ಕಿಂತ ಕಡಿಮೆಯದು ಸಿಕ್ಕಿದರೆ ನೀರು ಕಡಿಮೆ ಮಾಡಿ ವಿನೆಗರ್ ಹೆಚ್ಚಿಸಿ. ನಿಂಬೆಹಣ್ಣಿನ ರಸ ರುಚಿಗೆ ಸೊಗಸು, ಆದರೆ ಹಣ್ಣಿನಿಂದ ಹಣ್ಣಿಗೆ ಹುಳಿ ಬದಲಾಗುವುದರಿಂದ ವಿನೆಗರ್‌ನ ಜಾಗದಲ್ಲಿ ಅದನ್ನು ನಂಬಬೇಡಿ, ಜೊತೆಗೆ ಹಿಂಡಿಕೊಳ್ಳಿ. ಈ ನೀರಲ್ಲಿ ಕಾಯಿ ಪೂರ್ತಿ ಮುಳುಗಿರಲಿ. ಬಡೇಸೋಪು, ಬೆಳ್ಳುಳ್ಳಿ, ಒಂದೆರಡು ಹಸಿಮೆಣಸು ಹಾಕಿದರೆ ಚೆನ್ನ. ಎರಡು ಸಾವಿರ ವರ್ಷದ ಹಿಂದೆ ರೋಮಿನ ಕೃಷಿಕ ಬರಹಗಾರ ಕೊಲುಮೆಲ್ಲಾ ಆಲಿವ್ ಜಾಡಿಗೆ ಸೋಪಿನ ಗಿಡವನ್ನೇ ಹಾಕಲು ಹೇಳಿದ್ದಾನೆ, ಆ ಜೋಡಿ ಇವತ್ತಿಗೂ ಬದಲಾಗಿಲ್ಲ. ನಾಲ್ಕೈದು ದಿನಕ್ಕೆ ತಿನ್ನಲು ಬರುತ್ತದೆ. ಫ್ರಿಜ್ಜಿನಲ್ಲೇ ಇಟ್ಟು ಒಂದೆರಡು ತಿಂಗಳಲ್ಲಿ ಮುಗಿಸಿ.

ಅರೆಬಣ್ಣದ ಕಾಯಿಗೆ ಉಪ್ಪುನೀರಿನ ಹಾದಿ. ಇದು ನಿಧಾನ, ಎರಡರಿಂದ ಮೂರು ತಿಂಗಳು. ಒಂದು ಲೀಟರ್ ನೀರಿಗೆ 100 ಗ್ರಾಂ ಉಪ್ಪು, ಮೂರು ದೊಡ್ಡ ಚಮಚ ವಿನೆಗರ್. ಮೆಡಿಟರೇನಿಯನ್ ತೀರದ ಹಳ್ಳಿಗಳಲ್ಲಿ ಹಸಿ ಮೊಟ್ಟೆ ತೇಲುವವರೆಗೆ ಉಪ್ಪು ಕರಗಿಸುವ ರೂಢಿ ಇದೆ, ಅದೂ ಹತ್ತಿರ ಹತ್ತಿರ ಇದೇ ಪ್ರಮಾಣಕ್ಕೆ ಬರುತ್ತದೆ; ಮನೆಯಲ್ಲಿ ತಕ್ಕಡಿಯಿದ್ದರೆ ಮೊಟ್ಟೆ ಬೇಕಿಲ್ಲ. ಕಾಯಿಗೆ ಒಂದು ಗೀರು ಹಾಕಿ ಮುಳುಗಿಸಿ, ಮೇಲೆ ಭಾರ ಇಡಿ. ಕೆಲವು ದಿನಗಳಲ್ಲಿ ನೀರು ಮಬ್ಬಾಗುತ್ತದೆ, ಗುಳ್ಳೆ ಏಳುತ್ತವೆ. ಇಡ್ಲಿ ಹಿಟ್ಟನ್ನು ಹುಳಿ ಬರಿಸುವ ಬಳಗದ ಲ್ಯಾಕ್ಟಿಕ್ ಬ್ಯಾಕ್ಟೀರಿಯಾಗಳೇ ಇಲ್ಲೂ ಕೆಲಸಕ್ಕೆ ಇಳಿದಿರುತ್ತವೆ. ಅವು ಕಹಿಯನ್ನು ಒಡೆಯುತ್ತವೆ, ಜೊತೆಗೆ ನಮಗೆ ಬೇಕಾದ ಹುಳಿಯನ್ನೂ ಹುಟ್ಟಿಸುತ್ತವೆ. ಮೊದಲ ಎರಡು ವಾರ ದಿನಕ್ಕೊಮ್ಮೆ ಮುಚ್ಚಳ ಸಡಿಲಿಸಿ ಗಾಳಿ ಬಿಡಿ. ಮೇಲೆ ಬಿಳಿ ಕೆನೆಯಂಥ ಪೊರೆ ಕಟ್ಟಿದರೆ ಹೆದರಬೇಕಿಲ್ಲ, ಚಮಚದಿಂದ ತೆಗೆದುಹಾಕಿ. ಹಸಿರು, ಕಪ್ಪು ಅಥವಾ ಗುಲಾಬಿ ಬಣ್ಣದ ಬೂಷ್ಟು ಬಂದರೆ, ಕೊಳೆತ ನಾತ ಬಂದರೆ, ಕಾಯಿ ಲೋಳೆಯಾದರೆ ಇಡೀ ಜಾಡಿಯನ್ನು ಚೆಲ್ಲಿಬಿಡಿ. ಮೇಲಿನದಷ್ಟೇ ತೆಗೆದು ಕೆಳಗಿನದನ್ನು ಉಳಿಸಿಕೊಳ್ಳುವ ಜಿಪುಣತನ ಇಲ್ಲಿ ಬೇಡ.

ಕಾಯಿ ಉಪ್ಪು ಹೀರಿಕೊಂಡಂತೆ ನೀರು ಸಪ್ಪೆಯಾಗುತ್ತದೆ. ತಿಂಗಳಿಗೊಮ್ಮೆ ರುಚಿ ನೋಡಿ, ಸ್ವಲ್ಪ ನೀರನ್ನು ಹೊರತೆಗೆದು ಅದರಲ್ಲೇ ಉಪ್ಪು ಕರಗಿಸಿ ಮತ್ತೆ ಸುರಿಯಿರಿ. ಪೂರ್ತಿ ನೀರು ಬದಲಿಸಿದರೆ ಹುಟ್ಟಿದ ಹುಳಿಯೂ ಹೊರಟುಹೋಗುತ್ತದೆ. ಪ್ರಯೋಗಾಲಯದ ಸಾಮಾನು ಮಾರುವ ಅಂಗಡಿಗಳಲ್ಲಿ ಪಿಎಚ್ ಕಾಗದದ ಪಟ್ಟಿ ಕಡಿಮೆ ಬೆಲೆಗೆ ಸಿಗುತ್ತದೆ. ವಿಜಯವಾಡದಂಥ ಊರಿನಲ್ಲಿ ಹುಡುಕುವುದು ಕಷ್ಟವಾಗಲಾರದು. ಅಂಕಿ 4.3ಕ್ಕೋ ಅದಕ್ಕಿಂತ ಕೆಳಕ್ಕೋ ಇಳಿದು ನಿಂತಿದ್ದರೆ ಜಾಡಿ ಸರಿಯಾದ ದಾರಿಯಲ್ಲಿದೆ. ಇಳಿಯದಿದ್ದರೆ ವಿನೆಗರ್ ಸೇರಿಸಿ ಫ್ರಿಜ್ಜಿಗೆ ಸಾಗಿಸಿ.

ಪೂರ್ತಿ ಕಪ್ಪಾದ ಕಾಯಿಗೆ ಬರೀ ಉಪ್ಪು. ಅಪ್ಪೆಮಿಡಿಗೆ ಹತ್ತಿರದ ವಿಧಾನ ಇದೇ, ಒಂದು ದೊಡ್ಡ ವ್ಯತ್ಯಾಸದೊಂದಿಗೆ: ಮಿಡಿಯ ರಸವನ್ನು ಉಳಿಸಿಕೊಳ್ಳುತ್ತೇವೆ, ಆಲಿವ್‌ನ ರಸವನ್ನು ಸೋರಿಹೋಗಲು ಬಿಡುತ್ತೇವೆ, ಏಕೆಂದರೆ ಕಹಿ ಇರುವುದು ಆ ರಸದಲ್ಲೇ. ಎರಡು ಪಾಲು ಕಾಯಿಗೆ ಒಂದು ಪಾಲು ಉಪ್ಪು, ತೂಕದ ಲೆಕ್ಕದಲ್ಲಿ. ಬಟ್ಟೆ ಹಾಸಿದ ಬಿದಿರ ಬುಟ್ಟಿಯಲ್ಲಿ ಬೆರೆಸಿ ತುಂಬಿ, ಕೆಳಗೊಂದು ತಟ್ಟೆ ಇಡಿ. ವಾರಕ್ಕೊಮ್ಮೆ ಮಗುಚಿ. ನಾಲ್ಕರಿಂದ ಆರು ವಾರದಲ್ಲಿ ಕಾಯಿ ಒಣದ್ರಾಕ್ಷಿಯಂತೆ ಸುಕ್ಕಾಗುತ್ತದೆ. ಉಪ್ಪು ಕೊಡವಿ, ಒಮ್ಮೆ ತೊಳೆದು, ನೆರಳಲ್ಲಿ ಒಣಗಿಸಿ ಫ್ರಿಜ್ಜಿನಲ್ಲಿಡಿ. ಮಳೆಗಾಲದ ತೇವದಲ್ಲಿ ಇದು ಸರಿಬರುವುದಿಲ್ಲ.

ಪಕ್ಕದ ಮನೆಯ ಅಮ್ಮನ ಸಲಹೆಯ ಬಗ್ಗೆ. ಅವರು ಹೇಳಿದ್ದು ಅವರ ಅಡುಗೆಮನೆಯ ಮಟ್ಟಿಗೆ ನೂರಕ್ಕೆ ನೂರು ಸರಿ. ಕೃಷ್ಣಾ ಸೀಮೆಯ ಮನೆಗಳಲ್ಲಿ ಬೇಸಿಗೆಗೆ ಆವಕಾಯ, ಮಾಗಾಯ, ಚಳಿಗಾಲಕ್ಕೆ ಉಸಿರಿಕಾಯ, ಚಿಂತಕಾಯ ಎಂದು ವರ್ಷವಿಡೀ ಜಾಡಿಗಳು ತುಂಬುತ್ತವೆ. ನೂಜಿವೀಡಿನ ತೋಪುಗಳ ಮಾವು, ಗುಂಟೂರಿನ ಮೆಣಸಿನಪುಡಿ, ಸಾಸಿವೆ ಹಿಟ್ಟು, ಮೇಲೆ ಒಂದು ಬೆರಳು ನಿಲ್ಲುವಷ್ಟು ಎಳ್ಳೆಣ್ಣೆ. ಆ ಎಣ್ಣೆ ಗಾಳಿಯನ್ನು ತಡೆಯುತ್ತದೆ, ಗಾಳಿಯಿಲ್ಲದ ಕಡೆ ಬೂಷ್ಟು ಬರುವುದಿಲ್ಲ. ಮಾವು, ನೆಲ್ಲಿ, ಹುಣಸೆ ಇವೆಲ್ಲ ಹುಟ್ಟಾ ಹುಳಿಯಾಗಿರುವುದರಿಂದ ಅಲ್ಲಿಗೆ ಎಲ್ಲ ಸರಿಹೋಯಿತು. ಹುಳಿ ಕಡಿಮೆಯಿರುವ ಆಲಿವ್‌ನ ಮೇಲೆ ಅದೇ ಎಣ್ಣೆ ಸುರಿದು ಹೊರಗಿಟ್ಟರೆ ಕ್ಲಾಸ್ಟ್ರಿಡಿಯಂ ಬೊಟುಲಿನಮ್ ಎಂಬ ಬ್ಯಾಕ್ಟೀರಿಯಾಕ್ಕೆ ನಾವೇ ಮನೆ ಕಟ್ಟಿಕೊಟ್ಟಂತೆ. ಅದಕ್ಕೆ ಬೇಕಾಗಿರುವುದು ಗಾಳಿಯಿಲ್ಲದ, ಹುಳಿಯಿಲ್ಲದ, ಬೆಚ್ಚಗಿನ ಜಾಗ. ಅದು ಉಗುಳುವ ವಿಷ ನರಗಳನ್ನು ಹಿಡಿದು ಉಸಿರಾಟವನ್ನೇ ನಿಲ್ಲಿಸಬಲ್ಲದು. ಕಾಯಿಯ ವಾಸನೆಯಾಗಲಿ ಬಣ್ಣವಾಗಲಿ ರುಚಿಯಾಗಲಿ ಕೆಟ್ಟಂತೆ ತೋರದೆಯೂ ಇರಬಹುದು.

ಇದು ಪುಸ್ತಕದ ಭಯವಲ್ಲ. 1919ರಲ್ಲಿ ಅಮೆರಿಕದ ಒಹಾಯೊ ರಾಜ್ಯದ ಕ್ಯಾಂಟನ್ ಊರಿನ ಔತಣವೊಂದರಲ್ಲಿ ಬಡಿಸಿದ ಕಪ್ಪು ಆಲಿವ್‌ನಿಂದ ಏಳು ಮಂದಿ ಸತ್ತರು. ಆ ವರ್ಷ ಬೇರೆ ಊರುಗಳಲ್ಲೂ ಹೀಗಾಯಿತು. ಆ ಆಲಿವ್‌ಗಳನ್ನು ಕ್ಷಾರದಲ್ಲಿ ಕಹಿ ತೆಗೆದು, ಹುಳಿ ಬರಿಸದೆ, ಗಾಳಿಯಾಡದಂತೆ ಮುಚ್ಚಲಾಗಿತ್ತು. ಅಲ್ಲಿಂದ ಮುಂದೆ ಕ್ಯಾಲಿಫೋರ್ನಿಯಾದಲ್ಲಿ ಇಂಥ ಆಲಿವ್‌ಗಳನ್ನು ಒತ್ತಡದಲ್ಲಿ 116 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ 40 ನಿಮಿಷ ಕಾಯಿಸಲೇಬೇಕೆಂಬ ನಿಯಮ ಬಂತು. ಅಂಗಡಿಯ ಡಬ್ಬಿಯ ಕಪ್ಪು ಆಲಿವ್ ಇವತ್ತು ನಿರಪಾಯವಾಗಿದ್ದರೆ ಅದಕ್ಕೆ ಕಾರಣ ಆ ಬಿಸಿ. ಮನೆಯ ಜಾಡಿಗೆ ಆ ಬಿಸಿ ಇಲ್ಲ, ಆದ್ದರಿಂದ ಹುಳಿ ಬೇಕೇ ಬೇಕು. ಎಣ್ಣೆಯ ರುಚಿ ಬೇಕಿದ್ದರೆ ತಿನ್ನುವ ಹೊತ್ತಿಗೆ ಬಟ್ಟಲಲ್ಲಿ ಹಾಕಿಕೊಳ್ಳಿ. ಅದೇ ಅಮ್ಮನ ಮನೆಯಲ್ಲಿ ಉಸಿರಿಕಾಯ ತೊಕ್ಕನ್ನು ಉಪ್ಪು ಅರಿಸಿನದಲ್ಲಿ ಇಟ್ಟು, ಬೇಕಾದಷ್ಟೇ ತೆಗೆದು ಆಗಾಗ ಒಗ್ಗರಣೆ ಕೊಡುತ್ತಾರಲ್ಲ, ಆ ಕ್ರಮ ಆಲಿವ್‌ಗೂ ಹೇಳಿ ಮಾಡಿಸಿದ್ದು.

ಕಾಸ್ಟಿಕ್ ಸೋಡಾ ಸುಳ್ಳು ಸುದ್ದಿಯಲ್ಲ. ಸ್ಪೇನಿನ ಕಾರ್ಖಾನೆಗಳಲ್ಲಿ ಹಸಿರು ಆಲಿವ್‌ನ ಕಹಿಯನ್ನು ತೆಗೆಯುವುದೇ ಅದರ ತೆಳು ದ್ರಾವಣದಿಂದ. ತಿರುಳಿನ ಮೂರನೇ ಎರಡು ಭಾಗಕ್ಕೆ ಕ್ಷಾರ ಇಳಿದ ಕೂಡಲೇ ತೆಗೆದು, ಹಲವು ಸಲ ತೊಳೆದು, ಉಪ್ಪುನೀರಲ್ಲಿ ಹುಳಿ ಬರಿಸುತ್ತಾರೆ. ಕೆಲವೇ ಗಂಟೆಗಳ ಕೆಲಸ ನಿಜ. ಆದರೆ ನಮ್ಮ ಹಾರ್ಡ್‌ವೇರ್ ಅಂಗಡಿಗಳಲ್ಲಿ ಸಿಗುವುದು ಕೊಳವೆ ತೊಳೆಯುವ, ಸಾಬೂನು ಮಾಡುವ ಸರಕು, ತಿನ್ನುವ ಪದಾರ್ಥಕ್ಕೆ ತಕ್ಕ ಶುದ್ಧಿಯದಲ್ಲ. ಒಂದು ಹನಿ ಕಣ್ಣಿಗೆ ಸಿಡಿದರೆ ದೃಷ್ಟಿ ಹೋಗಬಹುದು. ಅಲ್ಯೂಮಿನಿಯಂ ಪಾತ್ರೆಗೆ ತಾಗಿದರೆ ಪಾತ್ರೆಯನ್ನೇ ತಿಂದು ಬೆಂಕಿ ಹಿಡಿಯುವ ಹೈಡ್ರೋಜನ್ ಅನಿಲ ಬಿಡುತ್ತದೆ. ಮಕ್ಕಳು ಓಡಾಡುವ ಮನೆಯಲ್ಲಿ ಕೆಲವು ದಿನ ಉಳಿಸುವುದಕ್ಕಾಗಿ ಇಷ್ಟೆಲ್ಲ ಅಪಾಯ ಏಕೆ? ನೀರು ಅದೇ ಕೆಲಸವನ್ನು ಹತ್ತು ದಿನದಲ್ಲಿ ಮಾಡಿಕೊಡುತ್ತದೆ.

ನಿಮ್ಮ ಊರಿನ ಹವೆಯ ಬಗ್ಗೆ ಒಂದು ಮಾತು. ಹುಳಿ ಬರಿಸುವ ಬ್ಯಾಕ್ಟೀರಿಯಾ ಆಲಿವ್‌ನಲ್ಲಿ ಹದವಾಗಿ ಕೆಲಸ ಮಾಡುವುದು 18ರಿಂದ 25 ಡಿಗ್ರಿಯೊಳಗೆ. ಮೇ ತಿಂಗಳಲ್ಲಿ 40 ದಾಟುವ ಊರಿನಲ್ಲಿ ಜಾಡಿಯನ್ನು ಅಡುಗೆಮನೆಯ ಅಟ್ಟದ ಮೇಲಿಟ್ಟರೆ ಕಾಯಿ ಹುಳಿಯಾಗುವ ಮೊದಲೇ ಮೆತ್ತಗಾಗುತ್ತದೆ. ನವೆಂಬರಿನಿಂದ ಫೆಬ್ರವರಿವರೆಗೆ ಉಪ್ಪುನೀರಿನ ಜಾಡಿಯನ್ನು ಹೊರಗಿಡಬಹುದು, ಬಿಸಿಲು ತಾಗದ ಕೋಣೆಯಲ್ಲಿ ನೆಲದ ಮೇಲೆ. ಉಳಿದ ತಿಂಗಳುಗಳಲ್ಲಿ ನೀರಿನ ಹಾದಿ ಹಿಡಿದು ಫ್ರಿಜ್ಜನ್ನೇ ನೆಚ್ಚಿಕೊಳ್ಳಿ. ನಲ್ಲಿನೀರಿಗೆ ಕ್ಲೋರಿನ್ ವಾಸನೆ ಇದ್ದರೆ ಕುದಿಸಿ ಆರಿಸಿ ಬಳಸಿ. ಕ್ಲೋರಿನ್ ಒಳ್ಳೆಯ ಬ್ಯಾಕ್ಟೀರಿಯಾವನ್ನೂ ಸುಮ್ಮನಾಗಿಸುತ್ತದೆ. ಉಪ್ಪಿಗೆ ಸಾಣಿಕಟ್ಟಾದವರೆಗೆ ಹೋಗಬೇಕಿಲ್ಲ. ಆಂಧ್ರದ ಕರಾವಳಿಯಲ್ಲೇ ಚಿನ್ನಗಂಜಾಂನಂಥ ಉಪ್ಪಿನ ಊರುಗಳಿವೆ, ಅಂಗಡಿಯಲ್ಲಿ ಹರಳುಪ್ಪು ಕೇಳಿದರೆ ಸಿಗುತ್ತದೆ. ಪುಡಿಯುಪ್ಪಿಗೆ ಗಂಟು ಕಟ್ಟದಿರಲೆಂದು ಬೆರೆಸುವ ಪದಾರ್ಥ ನೀರನ್ನು ಮಬ್ಬಾಗಿಸುತ್ತದೆ. ಹರಳುಪ್ಪನ್ನು ಚಮಚದಲ್ಲಿ ಅಳೆಯದೆ ತೂಕ ಹಾಕಿ, ಹರಳಿನ ಗಾತ್ರಕ್ಕೆ ತಕ್ಕಂತೆ ಚಮಚದ ಲೆಕ್ಕ ಹೆಚ್ಚುಕಮ್ಮಿಯಾಗುತ್ತದೆ.

ಹದವಾದ ಆಲಿವ್ ಅನ್ನು ಪಿಜ್ಜಾಕ್ಕೇ ಕಾಯ್ದಿಡಬೇಕಾಗಿಲ್ಲ. ಉಪ್ಪು ಹೆಚ್ಚೆನಿಸಿದರೆ ಉಪ್ಪುಸೊಳೆಯಂತೆ ಒಂದು ಗಂಟೆ ನೀರಲ್ಲಿ ಬಿಟ್ಟು, ಗೊರಟು ತೆಗೆದು, ಮಿಡಿ ಉಪ್ಪಿನಕಾಯಿಗೆ ಅರೆಯುವ ಸಾಸಿವೆ ಮೆಣಸಿನ ಮಸಾಲೆಯಲ್ಲಿ ಕಲಸಿ ಮೊಸರನ್ನದ ಪಕ್ಕಕ್ಕೆ ಇಟ್ಟು ನೋಡಿ. ಕಪ್ಪು ಕಾಯಿಗೆ ಇಂಗಿನ ಒಗ್ಗರಣೆ ತುಂಬ ಹೊಂದುತ್ತದೆ. ಹೀಗೆ ಕಲಸಿದ್ದನ್ನು ಫ್ರಿಜ್ಜಿನಲ್ಲಿಟ್ಟು ನಾಲ್ಕೈದು ದಿನದಲ್ಲಿ ಮುಗಿಸಬೇಕು. ರಕ್ತದೊತ್ತಡ ಇರುವವರು ಎಣಿಸಿ ತಿನ್ನಬೇಕು, ಇದರಲ್ಲಿ ಉಪ್ಪು ಬಹಳ.

ಇನ್ನು ಗಿಡ. ನೆಟ್ಟರೆ ಬದುಕುತ್ತದೆ, ಎಲೆಯೂ ಚೆನ್ನಾಗಿ ಬರುತ್ತದೆ, ಕಾಯಿಯ ಆಸೆ ಮಾತ್ರ ಬೇಡ. ಆಲಿವ್ ಮೊಗ್ಗು ಕಟ್ಟಬೇಕಾದರೆ ಚಳಿಗಾಲದಲ್ಲಿ ಹತ್ತು ಡಿಗ್ರಿಗಿಂತ ಕೆಳಗಿನ ರಾತ್ರಿಗಳು ವಾರಗಟ್ಟಲೆ ಸಿಗಬೇಕು. ಬೀಕಾನೇರಿನ ಮರಳುಗಾಡಿಗೆ ಆ ಚಳಿ ಇದೆ, ಕೃಷ್ಣಾ ನದಿಯ ಮುಖಜ ಭೂಮಿಗೆ ಇಲ್ಲ. ಹಿತ್ತಲಲ್ಲಿ ಜಾಗವಿದ್ದರೆ ಕವಳಿ ಗಿಡ ನೆಡಿ ಎಂದು ನಾನು ಹೇಳುತ್ತೇನೆ. ನಿಮ್ಮ ನೆರೆಯವರು ಅದನ್ನು ವಾಕ್ಕಾಯ ಎನ್ನುತ್ತಾರೆ, ಶಿರಸಿಯ ಬೇಣಗಳಲ್ಲಿ ನೀವು ನೋಡಿಯೇ ಇರುತ್ತೀರಿ. ಮುಳ್ಳಿನ ಗಿಡ, ಬೇಲಿಗೂ ಆಗುತ್ತದೆ, ಬಿಸಿಲು ಬರ ಎರಡನ್ನೂ ತಡೆಯುತ್ತದೆ, ಮಳೆಗಾಲದಲ್ಲಿ ಆಲಿವ್‌ನಷ್ಟೇ ಗಾತ್ರದ ಕಾಯಿ ಕೊಡುತ್ತದೆ. ಅದರಲ್ಲಿ ಹುಳಿ ಬೇಕಾದಷ್ಟಿದೆ. ಹಸಿರಿರುವಾಗಲೇ ಕೊಯ್ದು, ಹಾಲಿನಂಥ ಸೊನೆ ಹೋಗುವಂತೆ ತೊಳೆದು, ಆರಿಸಿ, ಇಡಿಯಾಗಿ ಹರಳುಪ್ಪಿನಲ್ಲಿ ಹಾಕಿ. ಅದನ್ನು ನೀವು ನಿಶ್ಚಿಂತೆಯಿಂದ ಅಪ್ಪೆಮಿಡಿಯ ಹಾಗೆಯೇ ಮಾಡಬಹುದು, ಪಕ್ಕದ ಮನೆಯ ಅಮ್ಮ ಹೇಳಿದಂತೆ ಎಳ್ಳೆಣ್ಣೆಯನ್ನೂ ಸುರಿಯಬಹುದು.